ಎರಡನೆಯ ಊರು

ಕಂಪನಿಯಲ್ಲಿ ಅವಳನ್ನು ಎಲ್ಲರೂ ಟೇಪಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ. ಅವಳ ಕೈಚೀಲದಲ್ಲಿ ಬಾಚಣಿಗೆ ಇಲ್ಲದ ದಿನವಿತ್ತು, ಅಳತೆಯ ಟೇಪು ಇಲ್ಲದ ದಿನವಿರಲಿಲ್ಲ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಆ ಕಂಪನಿ ಒಂದು ಗ್ಯಾರೇಜಿನ ಮಹಡಿಯಲ್ಲಿ ಕಣ್ಣು ಬಿಟ್ಟಾಗಿನಿಂದಲೂ ಎಲ್ಲಿ ಜಾಗ ಹಿಡಿಯಬೇಕು, ಎಲ್ಲಿ ಗೋಡೆ ಒಡೆಯಬೇಕು, ಯಾವ ಮೂಲೆಯಲ್ಲಿ ನೀರಿನ ಕ್ಯಾನು ಇಡಬೇಕು ಎನ್ನುವುದೆಲ್ಲ ಅವಳ ತಲೆಗೆ ಕಟ್ಟಿದ ಕೆಲಸ. ಯಾವ ಕಟ್ಟಡಕ್ಕೆ ಕಾಲಿಟ್ಟರೂ ಮೊದಲು ಕಿಟಕಿ ನೋಡುತ್ತಿದ್ದಳು, ಆಮೇಲೆ ಶೌಚಾಲಯ, ಆಮೇಲೆ ಯಜಮಾನನ ಮುಖ.

ಹಾಗಾಗಿ ದೂರದ ಸೀಮೆಯಲ್ಲಿ ಹೊಸದೊಂದು ಪ್ರಾದೇಶಿಕ ಕಚೇರಿ ತೆರೆಯುವುದೆಂದು ತೀರ್ಮಾನವಾದಾಗ, ಊರು ಹುಡುಕುವ ಹೊಣೆ ಅವಳ ಕೊರಳಿಗೇ ಬಿತ್ತು. ಅಳೆದು ಸುರಿದು, ಒಂದೊಂದೇ ಊರನ್ನು ಕೈಬಿಟ್ಟು, ಕೊನೆಗೆ ಎರಡನ್ನು ಉಳಿಸಿಕೊಂಡಳು. ಒಂದು ಬಂದರಿನ ಊರು, ಇನ್ನೊಂದು ರೈಲು ಜಂಕ್ಷನ್ನಿನ ಊರು. ಜಂಕ್ಷನ್ನಿನಲ್ಲಿ ಅವಳ ಅಕ್ಕನ ಮನೆಯಿತ್ತು. ಕಾಲೇಜು ಓದುವಾಗ ಅದೇ ಮನೆಯ ಮೇಲಿನ ಕೋಣೆಯಲ್ಲಿ ಟೇಪಮ್ಮ ವರ್ಷಗಟ್ಟಲೆ ಇದ್ದವಳು, ಅಕ್ಕನ ಕೈಯಲ್ಲೇ ಉಂಡವಳು. ಆದರೆ ಆ ಕಾರಣಕ್ಕೆ ಆ ಊರನ್ನು ಉಳಿಸಿಕೊಂಡಿರಲಿಲ್ಲ. ಕಾಲೇಜುಗಳಿದ್ದವು, ಬಾಡಿಗೆ ಕಡಿಮೆ, ನಾಲ್ಕೂ ದಿಕ್ಕಿನಿಂದ ರೈಲು. ನ್ಯಾಯವಾಗಿಯೇ ಉಳಿದಿತ್ತು. ನ್ಯಾಯವಾಗಿ ಉಳಿಯಿತಲ್ಲ ಎಂದು ಒಳಗೊಳಗೇ ಹಿಗ್ಗಿದ್ದಳು, ಅಷ್ಟೇ.

ಬಂದರು ನೋಡಿ ಬಂದಾಗಿತ್ತು. ಜಂಕ್ಷನ್ನಿಗೆ ಹೊರಡುವ ಹಿಂದಿನ ದಿನ ನಿರ್ದೇಶಕರು ಕರೆಸಿದರು. ಬಾಗಿಲು ಹಾಕಿಕೊಂಡು ಬರಲು ಹೇಳಿದರು.

"ಒಂದು ವಿಷಯ ನಿಮಗೆ ಗೊತ್ತಿರಲಿ," ಎಂದರು. "ಬಂದರು ಅಂತ ಆಗಿಹೋಗಿದೆ."

"ಆಗಿಹೋಗಿದೆ ಅಂದ್ರೆ? ನಾನಿನ್ನೂ ಜಂಕ್ಷನ್ನಿನ ಕಟ್ಟಡ ನೋಡೇ ಇಲ್ಲವಲ್ಲ ಸಾರ್."

"ದುಡ್ಡು ಹಾಕಿರೋರ ತೀರ್ಮಾನ. ನನ್ನ ಕೈಲೂ ಇಲ್ಲ. ಆದ್ರೆ ಬಂದರಿನವರು ಜಾಗದ ವಿಷಯದಲ್ಲಿ, ತೆರಿಗೆ ವಿಷಯದಲ್ಲಿ ಬಿಗಿ ಹಿಡಿದು ಕೂತಿದಾರೆ. ಇವರು ಬೇರೆ ಕಡೆ ಹೋಗಿಬಿಡಬಹುದು ಅಂತ ಅವರಿಗೆ ಸ್ವಲ್ಪ ಬೆವರು ಬರಬೇಕು. ಅದಕ್ಕೆ ಜಂಕ್ಷನ್."

ಟೇಪಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕುರ್ಚಿಯ ಕೈ ಹಿಡಿದುಕೊಂಡಳು.

"ಹಾಗಾದ್ರೆ ಬೇರೆ ಯಾರನ್ನಾದ್ರೂ ಕಳಿಸಿ ಸಾರ್. ಅಲ್ಲಿ ನಮ್ಮಕ್ಕ ಇದಾಳೆ."

"ಅದಕ್ಕೇ ನೀವು ಹೋಗಬೇಕು. ನೀವು ಹೋದ್ರೆ ಆ ಊರು ನಂಬುತ್ತೆ. ಆ ಊರು ನಂಬಿದ್ರೆ ಬಂದರು ನಂಬುತ್ತೆ." ಅವರು ಕೆಟ್ಟ ಮನುಷ್ಯರೇನಲ್ಲ. ಅವಳ ಗಂಡನ ಮೂತ್ರಪಿಂಡ ಕೈಕೊಟ್ಟಾಗ ತಾವೇ ಮುಂದೆ ನಿಂತು, ಕಂಪನಿಯ ವಿಮೆಯಲ್ಲಿ ಡಯಾಲಿಸಿಸ್‌ಗೆ ದಾರಿ ಮಾಡಿಕೊಟ್ಟವರು. ಈಗಲೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. "ಯಜಮಾನರು ಹೇಗಿದಾರೆ?" ಎಂದು ಮಾತ್ರ ಕೇಳಿದರು.

ವ್ಯವಹಾರದ ಮಾತು ಹೊರಗೆ ಬಿಡುವುದಿಲ್ಲ ಎಂದು ಅವಳು ಕೆಲಸಕ್ಕೆ ಸೇರಿದಾಗಲೇ ಬರೆದುಕೊಟ್ಟಿದ್ದಳು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಕೆಲಸದ ಹಿಂದೆ ವಿಮೆ, ವಿಮೆಯ ಹಿಂದೆ ಗಂಡ. ಇಷ್ಟನ್ನು ಲೆಕ್ಕ ಹಾಕಲು ಟೇಪು ಬೇಕಿರಲಿಲ್ಲ.

ಮರುದಿನ ಜಂಕ್ಷನ್ನಿನಲ್ಲಿ ಇಳಿದಾಗ ಭಾವ ಪ್ಲಾಟ್‌ಫಾರ್ಮಿನ ಮೇಲೇ ನಿಂತಿದ್ದರು. ಭಾವನದು ಸ್ಟೇಷನ್ನಿನ ಎದುರು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆಗೆ ಬಂದವರಿಗೆ ಕನ್ನಡಕ ತೊಡಿಸುವ ಮೊದಲು ಊರ ಸುದ್ದಿ ತೊಡಿಸುತ್ತಿದ್ದರು. ಅವರ ಅಂಗಡಿಯಲ್ಲಿ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನದ ಹೊತ್ತಿಗೆ ಬಸ್ ನಿಲ್ದಾಣ ತಲುಪಿ, ಕೈಕಾಲು ಬೆಳೆಸಿಕೊಂಡು ಸಂಜೆಗೆ ವಾಪಸು ಬರುತ್ತಿತ್ತು.

"ಬಾಮ್ಮ ಬಾ, ಊರಿನ ಭಾಗ್ಯದೇವತೆ," ಎನ್ನುತ್ತ ಪೆಟ್ಟಿಗೆ ಎತ್ತಿಕೊಂಡರು. "ಆಟೋದವನಿಗೆ ನೀನು ಯಾರು ಅಂತ ಹೇಳಿದೀನಿ. ಬಾಡಿಗೆ ಬೇಡ ಅಂತಿದಾನೆ. ಅವನ ಮಗ ಕಂಪ್ಯೂಟರ್ ಓದಿದಾನಂತೆ."

"ಭಾವ, ಇನ್ನೂ ಏನೂ ತೀರ್ಮಾನ ಆಗಿಲ್ಲ."

"ಆಗಿಲ್ಲ, ಆಗಿಲ್ಲ. ನಾನೂ ಅದನ್ನೇ ಎಲ್ಲರಿಗೂ ಹೇಳ್ತಿದೀನಿ. ಹೇಳಿ ಕಣ್ಣು ಹೊಡೀತೀನಿ."

ಅಕ್ಕ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಂದು ರಜೆ ಹಾಕಿ ಮನೆಯಲ್ಲೇ ಇದ್ದಳು. ಮೇಲಿನ ಕೋಣೆಗೆ ಸುಣ್ಣ ಬಳಿಸಿದ್ದಳು, ಮಂಚಕ್ಕೆ ಹೊಸ ಹಾಸಿಗೆ. ಮೆಟ್ಟಿಲು ಹತ್ತಿ ಬಾಗಿಲಲ್ಲೇ ನಿಂತ ಟೇಪಮ್ಮನಿಗೆ ಅಕ್ಕ ಹಿಂದಿನಿಂದ ಹೇಳಿದಳು: "ನೋಡು ಸಣ್ಣಿ, ಆಫೀಸು ಬಂದ ಮೇಲೆ ನೀನು ಪದೇ ಪದೇ ಬರಬೇಕಾಗುತ್ತಲ್ಲ. ಹೋಟೆಲ್ಲು ಗೀಟೆಲ್ಲು ಅಂದ್ರೆ ಕಾಲು ಮುರೀತೀನಿ. ನಿಮ್ಮ ಯಜಮಾನರನ್ನೂ ಕರ್ಕೊಂಡು ಬಾ. ಇಲ್ಲಿನ ಆಸ್ಪತ್ರೆಯಲ್ಲೂ ಡಯಾಲಿಸಿಸ್ ಇದೆ, ವಿಚಾರಿಸಿದೀನಿ."

ಟೇಪಮ್ಮ ಕಿಟಕಿ ನೋಡಿದಳು. ಅದರ ಚಿಲಕ ಹಿಂದಿನಿಂದಲೂ ಸಡಿಲ, ಈಗ ಹೊಸದು ಹಾಕಿಸಿದ್ದರು.

ಊಟಕ್ಕೆ ಕೂತಾಗ ಇನ್ನೊಂದು ವಿಷಯ ಹೊರಬಿತ್ತು. ಅಕ್ಕನ ಮಗಳು ಚುಕ್ಕಿಗೆ ಕೆಲಸ ಸಿಕ್ಕಿತ್ತು. ದೂರದ ದೊಡ್ಡ ನಗರ, ಒಳ್ಳೆಯ ಸಂಸ್ಥೆ, ಅವಳು ಬಯಸಿ ಓದಿದ ಕೆಲಸವೇ. ಬರುತ್ತೇನೋ ಇಲ್ಲವೋ ಎಂದು ಈ ವಾರದೊಳಗೆ ತಿಳಿಸಬೇಕಿತ್ತು.

"ಬರಲ್ಲ ಅಂತ ತಿಳಿಸಿಬಿಡು ಅಂದೆ," ಎಂದಳು ಅಕ್ಕ, ಬಡಿಸುತ್ತ. "ಚಿಕ್ಕಮ್ಮನ ಆಫೀಸು ಬಾಗಿಲಿಗೇ ಬರ್ತಿರುವಾಗ ಅಷ್ಟು ದೂರ ಹೋಗಿ ಒಂದು ಕೋಣೆಯಲ್ಲಿ ನಾಲ್ಕು ಜನ ಮಲಗೋ ಕರ್ಮ ಯಾಕೆ?"

"ಚಿಕ್ಕಮ್ಮ ಏನಂತಾರೋ ಕೇಳೋಣ ಅಂದೆ," ಎಂದಳು ಚುಕ್ಕಿ. ತಟ್ಟೆಯಿಂದ ಮುಖ ಎತ್ತಿರಲಿಲ್ಲ.

"ಚಿಕ್ಕಮ್ಮ ಏನಂತಾಳೆ? ಇರು ಅಂತಾಳೆ," ಎಂದರು ಭಾವ.

ಟೇಪಮ್ಮ ತುತ್ತು ಬಾಯಿಗಿಟ್ಟುಕೊಂಡಳು. ಬಾಯಿ ತುಂಬಿದ್ದರೆ ಮಾತಾಡಬೇಕಾಗಿರಲಿಲ್ಲ.

ಮಾರನೆಯ ದಿನ ಕಟ್ಟಡ ನೋಡುವ ಕಾರ್ಯಕ್ರಮ. ಊರಿನ ಪುರಸಭೆ ಅಂಗಡಿಗಳಿಗೆಂದು ನಾಲ್ಕು ಮಹಡಿ ಕಟ್ಟಿಸಿತ್ತು. ಅಂಗಡಿಯವರು ಬರಲಿಲ್ಲ, ಕಟ್ಟಡ ಖಾಲಿ ಬಿದ್ದಿತ್ತು. ಪುರಸಭೆಯ ಅಧ್ಯಕ್ಷೆ ಬಾಗಿಲಲ್ಲೇ ಕಾದಿದ್ದರು. ಅವರು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಊರಿನ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈ ಅವರದು, ಚುಕ್ಕಿಯನ್ನೂ ಸೇರಿಸಿ. ಅಧ್ಯಕ್ಷೆಯಾದ ಮೇಲೂ ಜನ ಅವರನ್ನು ಸಿಸ್ಟರಮ್ಮ ಎಂದೇ ಕರೆಯುತ್ತಿದ್ದರು. ಅಕ್ಕನಿಗೆ ಅವರು ಗೆಳತಿಗಿಂತ ಹೆಚ್ಚು. ಬೇಜಾರಾದರೆ ಒಬ್ಬರ ಮನೆಯ ಅಡುಗೆಮನೆಯಲ್ಲಿ ಇನ್ನೊಬ್ಬರು ಹೋಗಿ ಕೂರುವಷ್ಟು ಸಲಿಗೆ.

ಟೇಪಮ್ಮ ಟೇಪು ತೆಗೆದಳು. ಸುಮ್ಮನೆ ನಟಿಸಿ ಮುಗಿಸಿಬಿಡೋಣ ಎಂದುಕೊಂಡೇ ಬಂದಿದ್ದಳು. ಆದರೆ ಕೈ ಕೇಳಬೇಕಲ್ಲ. ಕಂಬದಿಂದ ಕಂಬಕ್ಕೆ ಅಳೆದಳು, ಚಾವಣಿಯ ಎತ್ತರ ನೋಡಿದಳು, ವಿದ್ಯುತ್ತಿನ ಎರಡು ಬೇರೆ ಬೇರೆ ಲೈನು ಬರುವುದನ್ನು ಕಂಡಳು, ನೆಲ ತಟ್ಟಿದಳು. ಕಟ್ಟಡ ಚೆನ್ನಾಗಿತ್ತು. ಚೆನ್ನಾಗಿತ್ತು ಅಂದರೆ, ಇಷ್ಟು ವರ್ಷಗಳಲ್ಲಿ ಅವಳು ಕಂಡ ಕಟ್ಟಡಗಳಲ್ಲೇ ಚೆನ್ನಾಗಿತ್ತು. ಬಂದರಿನ ಊರಿನದು ಇದರ ಮುಂದೆ ಗೋದಾಮು. ಎಲ್ಲಿ ಯಾರು ಕೂರುತ್ತಾರೆ, ಎಲ್ಲಿ ಬೆಳಕು ಬೀಳುತ್ತದೆ, ಎಲ್ಲ ಅವಳ ಕಣ್ಣೆದುರು ತಾನಾಗಿಯೇ ಜೋಡಣೆಯಾಗತೊಡಗಿತು. ಅದನ್ನು ತಡೆಯಲು ಟೇಪನ್ನು ಸರ್ರನೆ ಒಳಗೆ ಬಿಟ್ಟಳು.

ಮೇಲಿನ ಮಹಡಿಗೆ ಹೋಗಲು ಸಿಸ್ಟರಮ್ಮನ ಮಂಡಿ ಒಪ್ಪುತ್ತಿರಲಿಲ್ಲ. ಅವರೂ ಟೇಪಮ್ಮನೂ ಲಿಫ್ಟ್ ಹತ್ತಿದರು, ಜೊತೆಗೆ ಬಂದಿದ್ದ ಪುರಸಭೆಯವರು ಮೆಟ್ಟಿಲಿಗೆ ಹೋದರು. ಬಹಳ ದಿನಗಳಿಂದ ಓಡದ ಲಿಫ್ಟು. ಎರಡು ಮಹಡಿಗಳ ನಡುವೆ ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ದೀಪ ಮಾತ್ರ ಉರಿಯುತ್ತಿತ್ತು. ಹೊರಗಿನಿಂದ ಯಾರೋ, "ಗಾಬರಿ ಬೇಡ, ಮೆಕ್ಯಾನಿಕ್ಕಿಗೆ ಹೇಳಿದೀವಿ," ಎಂದು ಕೂಗಿದರು.

ಸಿಸ್ಟರಮ್ಮ ಗೋಡೆಗೆ ಒರಗಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. "ಇದೊಂದು ಸುಳ್ಳು ಹೇಳಿದ್ದೆ ನಾನು. ಲಿಫ್ಟ್ ಸರಿಯಿದೆ ಅಂತ ಬರೆಸಿದ್ದೆ. ಈಗ ಗೊತ್ತಾಯ್ತಲ್ಲ ನಿಮಗೆ."

"ಪರವಾಗಿಲ್ಲ. ಲಿಫ್ಟ್ ಬದಲಾಯಿಸಬಹುದು."

"ಹಾಗಾದ್ರೆ ನಾನೊಂದು ಕೇಳ್ತೀನಿ. ಇಲ್ಲಿ ನಾವಿಬ್ಬರೇ." ಅವರ ದನಿ ಇಳಿಯಿತು. "ಈ ಕಟ್ಟಡನ ನರ್ಸಿಂಗ್ ಶಾಲೆಯವರು ಕೇಳ್ತಿದಾರೆ. ದೊಡ್ಡ ಬಾಡಿಗೆ ಬರಲ್ಲ. ಆದ್ರೆ ಖಂಡಿತ ಬರ್ತಾರೆ. ನಿಮ್ಮ ಕಂಪನಿ ಬರುತ್ತೆ ಅಂತ ಅವರನ್ನ ಕಾಯಿಸ್ತಿದೀನಿ. ಇನ್ನು ಹೆಚ್ಚು ದಿನ ಕಾಯಲ್ಲ ಅವರು, ಬೇರೆ ಊರು ನೋಡ್ಕೋತಾರೆ. ನೀವು ಬರೋದಾದ್ರೆ ಸಂತೋಷ. ಬರೋದಿಲ್ಲ ಅಂದ್ರೂ ನನಗೆ ಬೇಜಾರಿಲ್ಲ. ಆದ್ರೆ ಯಾವುದು ಅಂತ ಹೇಳಿಬಿಡಿ."

ಲಿಫ್ಟಿನ ಬಾಗಿಲ ಸಂದಿಯಲ್ಲಿ ಒಂದು ಗೇಣು ಬೆಳಕು, ಅದರಾಚೆ ಯಾರದೋ ಚಪ್ಪಲಿ ಕಾಣುತ್ತಿತ್ತು.

"ನಾನು ಒಳ್ಳೆ ವರದಿ ಬರೀತೀನಿ," ಎಂದಳು ಟೇಪಮ್ಮ.

"ಅದನ್ನ ಕೇಳಲಿಲ್ಲ ನಾನು."

"ತೀರ್ಮಾನ ಮಾಡೋರು ನಾನಲ್ಲ ಸಿಸ್ಟರಮ್ಮ."

ಸಿಸ್ಟರಮ್ಮ ಅವಳನ್ನು ಒಂದಷ್ಟು ಹೊತ್ತು ನೋಡಿದರು, ಜ್ವರ ಎಷ್ಟಿದೆ ಎಂದು ನೋಡುವವರ ಹಾಗೆ. ಅಷ್ಟರಲ್ಲಿ ಲಿಫ್ಟು ಜಗ್ಗಿ ಮೇಲಕ್ಕೆ ಹೊರಟಿತು. ಹೊರಗೆ ಜನ ಚಪ್ಪಾಳೆ ತಟ್ಟಿದರು.

ಅಂದು ಮಧ್ಯಾಹ್ನ ಟೇಪಮ್ಮ ಮೇಲಿನ ಕೋಣೆಯಲ್ಲಿ ಕೂತು ವರದಿ ಬರೆದಳು. ಬರೆಯುತ್ತ ಬರೆಯುತ್ತ ಅವಳಿಗೊಂದು ಹುಚ್ಚು ಆಸೆ ಹುಟ್ಟಿತು. ಈ ಊರು ನಿಜವಾಗಿಯೂ ಹೆಚ್ಚು ಒಳ್ಳೆಯದು ಎಂದು ತೋರಿಸಿಬಿಟ್ಟರೆ? ದುಡ್ಡು ಹಾಕಿದವರೂ ಲಾಭ ನೋಡುವವರೇ ತಾನೆ? ನಾಟಕಕ್ಕೆಂದು ಕಳಿಸಿದ್ದು ನಿಜವೇ ಆಗಿಬಿಟ್ಟರೆ ಯಾರಿಗೂ ಯಾರೂ ಮೋಸ ಮಾಡಿದಂತಾಗುವುದಿಲ್ಲ. ಅವಳು ಎದೆಯಲ್ಲಿದ್ದುದನ್ನೆಲ್ಲ ಹಾಕಿ ಬರೆದಳು. ಒಂದು ಮಾತೂ ಸುಳ್ಳಿರಲಿಲ್ಲ. ಲಿಫ್ಟಿನ ವಿಷಯವನ್ನೂ ಬಿಡಲಿಲ್ಲ. ಕಳಿಸಿ, ನಿರ್ದೇಶಕರ ಫೋನಿಗಾಗಿ ತಾರಸಿಯಲ್ಲಿ ಅಡ್ಡಾಡತೊಡಗಿದಳು. ಒಗೆದ ಬಟ್ಟೆ ತಂತಿಯ ಮೇಲೆ ಬಿಸಿಲಿಗೆ ಗರಿಗರಿಯಾಗುತ್ತಿತ್ತು.

ಫೋನು ಬಂತು. ನಿರ್ದೇಶಕರ ದನಿಯಲ್ಲಿ ಉತ್ಸಾಹ ಉಕ್ಕುತ್ತಿತ್ತು.

"ಭೇಷ್. ನೀವು ಇಷ್ಟು ಚೆನ್ನಾಗಿ ಬರೀತೀರಿ ಅಂತ ನನಗೇ ಗೊತ್ತಿರಲಿಲ್ಲ. ಓದಿ ನನಗೇ ಅಲ್ಲಿಗೆ ಹೋಗೋಣ ಅನ್ನಿಸಿಬಿಡ್ತು."

"ಹೋಗೋಣ ಸಾರ್. ಬರೆದಿರೋದೆಲ್ಲ ನಿಜ."

ಆ ಕಡೆ ನಗು. "ನಿಜ ಆಗಿರೋದರಿಂದಲೇ ಕೆಲಸಕ್ಕೆ ಬರೋದು. ಇದನ್ನ ಬಂದರಿನವರ ಕೈಗೆ ಸಿಗೋ ಹಾಗೆ ಮಾಡ್ತೀನಿ. ವಾರದೊಳಗೆ ದಾರಿಗೆ ಬರ್ತಾರೆ ನೋಡಿ. ಅಲ್ಲಿಯವರೆಗೆ ಜಂಕ್ಷನ್ನಿನವರು ಬಿಸಿಯಾಗಿರಲಿ."

"ಯೋಚನೆಯಾದರೂ ಮಾಡಬಾರದಾ ಸಾರ್?"

"ಯೋಚನೆ ಮುಗಿದಿದೆಯಮ್ಮ," ಎಂದರು, ಮೆತ್ತಗೆ. "ಬಂದರಿನ ಕಚೇರಿಗೆ ಮುಖ್ಯಸ್ಥೆ ನೀವೇ. ನಿಮ್ಮ ಯಜಮಾನರಿಗೂ ಅಲ್ಲಿ ದೊಡ್ಡ ಆಸ್ಪತ್ರೆ ಇದೆ."

ಫೋನು ಇಟ್ಟ ಮೇಲೆ ಅವಳು ತಂತಿಯ ಮೇಲಿನ ಒಂದು ಹೊದಿಕೆಯ ಹಿಂದೆ ಹೋಗಿ ನಿಂತಳು. ಯಾರೂ ನೋಡುತ್ತಿರಲಿಲ್ಲ, ಆದರೂ ಮರೆ ಬೇಕೆನ್ನಿಸಿತು. ಎಷ್ಟು ಚೆನ್ನಾಗಿ ಕೆಲಸ ಮಾಡಿದರೆ ಅಷ್ಟು ಚೆನ್ನಾಗಿ ಈ ಊರನ್ನು ವಂಚಿಸಿದಂತೆ. ಈ ಕಡೆ ಸರಿದರೂ ಗೋಡೆ, ಆ ಕಡೆ ಸರಿದರೂ ಗೋಡೆ.

ಬಟ್ಟೆ ತೆಗೆಯಲು ಚುಕ್ಕಿ ಬಂದಳು. ಒಂದೊಂದೇ ಕ್ಲಿಪ್ಪು ತೆಗೆದು ಬಾಯಲ್ಲಿ ಕಚ್ಚಿಕೊಳ್ಳುತ್ತ, ಕೊನೆಗೆ ಅವನ್ನೆಲ್ಲ ಉಗುಳಿ ಕೇಳಿದಳು: "ಚಿಕ್ಕಮ್ಮ, ನಾನು ನಾಳೆ ಅವರಿಗೆ ಉತ್ತರ ಕೊಡಬೇಕು. ಏನು ಮಾಡ್ಲಿ?"

"ನಿನಗೆ ಹೋಗೋ ಮನಸ್ಸಿದೆಯಾ?"

"ಇದೆ. ಆದ್ರೆ ಅಮ್ಮ ಹೇಳೋದೂ ಸರಿ. ಇಲ್ಲೇ ಸಿಗುತ್ತೆ ಅಂದ್ರೆ…"

"ಹೋಗು."

ಚುಕ್ಕಿಯ ಕೈ ನಿಂತಿತು. "ಅಂದ್ರೆ ಇಲ್ಲಿ…"

"ನಾನು ಹೇಳಿದ್ದು ಅಷ್ಟೇ. ಹೋಗು. ಯಾಕೆ ಅಂತ ಕೇಳಬೇಡ. ಅಮ್ಮನಿಗೂ ಹೇಳಬೇಡ."

ಹುಡುಗಿ ದಡ್ಡಿಯಲ್ಲ. ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡು ಚಿಕ್ಕಮ್ಮನ ಮುಖವನ್ನೇ ನೋಡಿದಳು. ಆಮೇಲೆ, "ನಿಮಗೆ ತುಂಬಾ ಕಷ್ಟ ಆಗ್ತಿದೆ ಅಲ್ವಾ?" ಎಂದಳು. ಟೇಪಮ್ಮನಿಗೆ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇದನ್ನು ತಡೆದುಕೊಳ್ಳಲಾಗಲಿಲ್ಲ. ಮುಖ ತಿರುಗಿಸಿದಳು.

ಬೆಳಿಗ್ಗೆ ಮನೆಯಲ್ಲಿ ರಂಪವಾಯಿತು. ತಾನು ಹೋಗುವುದಾಗಿ ತಿಳಿಸಿಬಿಟ್ಟೆನೆಂದು ಚುಕ್ಕಿ ಹೇಳಿದ್ದೇ ತಡ, ಅಕ್ಕ ಸೌಟು ಕೆಳಗಿಟ್ಟಳು. ಮನೆಯಲ್ಲಿರಲು ಇವಳಿಗೆ ಏನು ಕಡಿಮೆಯಾಗಿದೆ, ತಾಯಿಯ ಮಾತಿಗೆ ಬೆಲೆಯಿಲ್ಲವೇ ಎಂದು ಶುರುವಾದದ್ದು ಅಳುವಿನಲ್ಲಿ ಬಂದು ನಿಂತಿತು. ಚುಕ್ಕಿ ಒಮ್ಮೆಯೂ ಚಿಕ್ಕಮ್ಮನ ಕಡೆ ತಿರುಗಲಿಲ್ಲ.

"ನೀನಾದ್ರೂ ಹೇಳು ಸಣ್ಣಿ," ಎಂದಳು ಅಕ್ಕ. "ನಿನ್ನ ಮಾತು ಕೇಳ್ತಾಳೆ."

"ಹೋಗಲಿ ಬಿಡಕ್ಕ. ನಾಲ್ಕು ಊರು ನೋಡಲಿ."

ಅಕ್ಕ ಕಣ್ಣೊರೆಸುತ್ತಿದ್ದ ಕೈ ಇಳಿಸಿದಳು. "ನೀನೇ ಹೀಗಂತೀಯಾ? ಆಫೀಸು ಬರ್ತಿದೆ ತಾನೇ?"

ಅಡುಗೆಮನೆ ಚಿಕ್ಕದು. ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು. ಟೇಪಮ್ಮ ಒಲೆಯ ಕಡೆ ನೋಡಿದಳು. "ಬರಬಹುದಕ್ಕ. ಇಂಥದ್ದೆಲ್ಲ ತಡ ಆಗುತ್ತೆ."

ತನ್ನನ್ನು ಓದಿಸಿದವಳ ಮುಖಕ್ಕೆ ಹೇಳಿದ ಸುಳ್ಳು ಅದು. ವಾಪಸು ಹೊರಡುವ ರೈಲಿಗೆ ಇನ್ನೂ ಹೊತ್ತಿತ್ತು, ಆದರೆ ಹೇಳಿದ ಮೇಲೆ ಆ ಮನೆಯಲ್ಲಿ ಕೂರಲಾರದೆ, ಒಂದು ಕಾಗದ ಬಿಟ್ಟುಬಂದೆ ಎಂದು ನೆಪ ಹೇಳಿ ಹೊರಬಿದ್ದಳು. ಕಾಲು ತಾನಾಗಿಯೇ ಪುರಸಭೆಯ ಕಡೆ ನಡೆಯಿತು.

ಸಿಸ್ಟರಮ್ಮ ಒಬ್ಬರೇ ಕೂತು ಸಹಿ ಹಾಕುತ್ತಿದ್ದರು. ಟೇಪಮ್ಮ ಕೂರಲಿಲ್ಲ. ಕೂತರೆ ಧೈರ್ಯ ಹೋಗಬಹುದಿತ್ತು.

"ಕಟ್ಟಡನ ನರ್ಸಿಂಗ್ ಶಾಲೆಗೆ ಕೊಟ್ಟುಬಿಡಿ," ಎಂದಳು.

ಪೆನ್ನು ನಿಂತಿತು. ಕಿಟಕಿಯ ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಸಿಸ್ಟರಮ್ಮ ಪೆನ್ನಿಗೆ ಟೋಪಿ ಹಾಕಿದರು.

"ನೀವು ಇಲ್ಲಿಗೆ ಬಂದಿರಲಿಲ್ಲ," ಎಂದರು. "ನಾನೇ ಯೋಚನೆ ಮಾಡಿ ಕೊಟ್ಟೆ. ನಿಮ್ಮ ಯಜಮಾನರ ವಿಷಯ ಅಕ್ಕ ಹೇಳಿದಾರೆ ನನಗೆ. ಹೋಗಿ, ರೈಲಿಗೆ ಹೊತ್ತಾಗುತ್ತೆ."

ಟೇಪಮ್ಮ ಊರು ಬಿಟ್ಟಾಗ ಎದೆಯ ಮೇಲಿನ ಕಲ್ಲು ಒಂದಿಷ್ಟು ಜರುಗಿದಂತಾಗಿತ್ತು. ಕೆಲಸ ಹೋದರೆ ಹೋಗಲಿ, ಒಂದಾದರೂ ಸರಿಯಾದದ್ದು ಮಾಡಿದೆ ಎಂದುಕೊಂಡಳು. ಕೆಲಸ ಹೋಗಲಿಲ್ಲ. ಪುರಸಭೆ ಕಟ್ಟಡವನ್ನು ನರ್ಸಿಂಗ್ ಶಾಲೆಗೆ ಕೊಡುವ ಹೊತ್ತಿಗೆ ಬಂದರಿನವರು ಆಗಲೇ ಬಗ್ಗಿ, ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಆಗಿತ್ತು. ನಿರ್ದೇಶಕರು ಅವಳಿಗೆ ಫೋನು ಮಾಡಿದಾಗ ಅವಳು ಆಸ್ಪತ್ರೆಯಲ್ಲಿ, ಯಂತ್ರಕ್ಕೆ ತೋಳು ಕೊಟ್ಟು ಮಲಗಿದ್ದ ಗಂಡನ ಪಕ್ಕದಲ್ಲಿದ್ದಳು.

"ಜಂಕ್ಷನ್ನಿನವರು ನಮಗೆ ಉಪಕಾರ ಮಾಡಿದರು ನೋಡಿ," ಎಂದರು. "ನಾವಾಗಿ ಬೇಡ ಅನ್ನೋ ಪ್ರಮೇಯವೇ ಬರಲಿಲ್ಲ. ಪತ್ರಿಕೆಗೆ ಎರಡು ಸಾಲು ಕೊಡ್ತಿದೀವಿ, ನಿಮ್ಮ ಹೆಸರಲ್ಲಿ. ಓದ್ತೀನಿ ಕೇಳಿ. 'ಜಂಕ್ಷನ್ ನಗರವನ್ನು ಕಂಪನಿ ಗಂಭೀರವಾಗಿ ಪರಿಗಣಿಸಿತ್ತು. ಸೂಕ್ತ ಕಟ್ಟಡ ಕೊನೆಗಳಿಗೆಯಲ್ಲಿ ಲಭ್ಯವಾಗದ ಕಾರಣ ವಿಷಾದದಿಂದ ಹಿಂದೆ ಸರಿಯಬೇಕಾಯಿತು.' ಸರಿ ಇದೆಯಾ?"

ಯಂತ್ರ ಒಂದೇ ಸಮ ಸದ್ದು ಮಾಡುತ್ತಿತ್ತು. ಗಂಡ ಕಣ್ಣು ಮುಚ್ಚಿಕೊಂಡೇ, "ಯಾರು?" ಎಂದು ಕೇಳಿದ. ಟೇಪಮ್ಮ ಅವನ ಪಾದದ ಮೇಲಿನ ಹೊದಿಕೆ ಸರಿಪಡಿಸಿದಳು.

"ಹೂಂ," ಎಂದಳು ಫೋನಿಗೆ.

ಆ ಒಂದು ಹೂಂ ಏನು ಮಾಡಿತೆಂದು ಅವಳಿಗೆ ನಿಧಾನವಾಗಿ ತಿಳಿಯಿತು. ಬಂದರಿನ ಹೊಸ ಕಚೇರಿಯಲ್ಲಿ ಅವಳಿಗೆ ಗಾಜಿನ ಕೋಣೆ ಕೊಟ್ಟಿದ್ದರು. ಹೊರಗಿನವರಿಗೆ ಅವಳು ಕಾಣುತ್ತಿದ್ದಳು, ಅವಳಿಗೆ ಹೊರಗಿನವರು ಕಾಣುತ್ತಿದ್ದರು, ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಅಲ್ಲಿ ಕೂತಿರುವಾಗ ಅಕ್ಕನ ಫೋನು ಬರುತ್ತಿತ್ತು.

"ನಿನ್ನ ತಪ್ಪೇನಿದೆ ಸಣ್ಣಿ. ನೀನು ಎಷ್ಟು ಒದ್ದಾಡಿದೆ ಅಂತ ನನಗೆ ಗೊತ್ತಿಲ್ವಾ? ಎಲ್ಲ ಆ ಮಹಾತಾಯಿ ಮಾಡಿದ್ದು. ಅವಸರಪಟ್ಟು ಕಟ್ಟಡ ಕೊಟ್ಟು ಊರಿನ ಬಾಯಿಗೆ ಮಣ್ಣು ಹಾಕಿದಳು. ನಾನಂತೂ ಮಾತು ಬಿಟ್ಟಿದೀನಿ."

ಇನ್ನೊಂದು ಸಲ: "ಅವಳನ್ನ ಅಧ್ಯಕ್ಷಗಿರಿಯಿಂದ ಇಳಿಸಿದರು. ಸದಸ್ಯರೆಲ್ಲ ಸೇರಿ ಕೈ ಎತ್ತಿದರು. ನಿಮ್ಮ ಭಾವ ನೋಡೋಕೆ ಹೋಗಿದ್ದರು. ಒಂದು ಮಾತು ಆಡಲಿಲ್ಲವಂತೆ, ಚೀಲ ತಗೊಂಡು ಹೊರಟುಹೋದಳಂತೆ. ತಪ್ಪು ಮಾಡಿರೋರಿಗೆ ಮಾತೆಲ್ಲಿಂದ ಬರಬೇಕು?"

ಟೇಪಮ್ಮ ಹಲ್ಲು ಕಚ್ಚಿ ಕೇಳುತ್ತಿದ್ದಳು. ಹೇಳಿಬಿಡೋಣವೆಂದು ಬಾಯಿ ತೆರೆದಾಗಲೆಲ್ಲ ಗಾಜಿನಾಚೆ ಯಾರಾದರೂ ಅವಳಿಗೆ ನಮಸ್ಕಾರ ಹೇಳಿ ಹಾದುಹೋಗುತ್ತಿದ್ದರು.

ಕೊನೆಗೆ ಚುಕ್ಕಿಯೇ ಫೋನು ಮಾಡಿದಳು. ದೂರದ ನಗರದಲ್ಲಿ ಅವಳು ನೆಲೆ ನಿಂತಿದ್ದಳು, ಕೆಲಸ ಹಿಡಿಸಿತ್ತು. ಆದರೆ ದನಿ ಬೇರೆಯಾಗಿತ್ತು. "ಚಿಕ್ಕಮ್ಮ, ನನ್ನನ್ನ ಅಮ್ಮ ಬೈತಾರೆ, ಅದು ಬಿಡಿ. ಸಿಸ್ಟರಮ್ಮನ್ನ ಬೀದೀಲಿ ಜನ ಮಾತಾಡಿಸಲ್ವಂತೆ. ನೀವು ಅಮ್ಮನಿಗೆ ಹೇಳ್ತೀರಾ, ಇಲ್ಲ ನಾನು ಹೇಳ್ಲಾ?"

"ನಾನೇ ಹೇಳ್ತೀನಿ," ಎಂದಳು ಟೇಪಮ್ಮ.

ರಜೆ ಹಾಕಿ ಜಂಕ್ಷನ್ನಿಗೆ ಹೋದಳು. ಭಾವ ಅಂಗಡಿ ಮುಚ್ಚಿ ಊಟಕ್ಕೆ ಬಂದಿದ್ದರು, ಅಕ್ಕ ಅಂಚೆ ಕಚೇರಿಯಿಂದ ಅರ್ಧ ದಿನಕ್ಕೆ ಬಂದಿದ್ದಳು. ಇಬ್ಬರನ್ನೂ ಕೂರಿಸಿಕೊಂಡು, ನೀರು ಕೂಡ ಕುಡಿಯದೆ, ನಿರ್ದೇಶಕರು ಬಾಗಿಲು ಹಾಕಿಸಿದ್ದರಿಂದ ಹಿಡಿದು ಆಸ್ಪತ್ರೆಯಲ್ಲಿ ಹೇಳಿದ ಹೂಂವರೆಗೆ ಎಲ್ಲ ಹೇಳಿದಳು. ಎಲ್ಲಿಯೂ ತನ್ನನ್ನು ಉಳಿಸಿಕೊಳ್ಳಲಿಲ್ಲ. ಗಂಡನ ಕಾಯಿಲೆಯನ್ನು ಮುಂದೆ ಹಿಡಿಯಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಆ ಮಾತು ಎತ್ತಲೇ ಇಲ್ಲ.

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ಕೂತರು. ಅಕ್ಕ ಕೇಳಿದ್ದು ಒಂದೇ.

"ಅಡುಗೆಮನೇಲಿ ನಾನು ಕೇಳಿದೆನಲ್ಲ, ಬರ್ತಿದೆ ತಾನೇ ಅಂತ. ಆಗ ಗೊತ್ತಿತ್ತಾ?"

"ಗೊತ್ತಿತ್ತಕ್ಕ."

ಅಕ್ಕ ಎದ್ದಳು. ಚಪ್ಪಲಿ ಮೆಟ್ಟಿಕೊಂಡು, ಸೆರಗು ಸಿಕ್ಕಿಸಿಕೊಂಡು ಹೊರಟಳು. ಎಲ್ಲಿಗೆಂದು ಭಾವ ಕೇಳಲಿಲ್ಲ. ಸಿಸ್ಟರಮ್ಮನ ಮನೆ ಅಲ್ಲಿಂದ ಮೂರನೆಯ ಬೀದಿ.

ಅವಳು ಹೋದ ಮೇಲೆ ಎದ್ದು ಹೋಗಿಬಿಡಬೇಕೆಂದು ಟೇಪಮ್ಮನಿಗೆ ಅನ್ನಿಸಿತು, ಆದರೆ ಹೋದರೆ ಓಡಿಹೋದಂತೆ. ಕೂತರೆ ಯಾವ ಮುಖ ಇಟ್ಟುಕೊಂಡು ಕೂತಂತೆ? ಭಾವ ಒಮ್ಮೆ ಗಂಟಲು ಸರಿಮಾಡಿಕೊಂಡು, "ಇದು ಇಲ್ಲೇ ಇರಲಿ. ನಾನು ಎಲ್ಲೂ ಬಾಯಿ ಬಿಡಲ್ಲ," ಎಂದರು. "ನಿನ್ನ ಕೆಲಸಕ್ಕೆ ಕುತ್ತು ಬರಬಾರದು. ನಿನ್ನ ಗಂಡನ ಚಿಕಿತ್ಸೆ ನಡೀಬೇಕಲ್ಲ."

ಅವಳಿಗೆ ಬೇಕಿದ್ದದ್ದು ಅದಲ್ಲ. ಭಾವನ ಬಾಯಿಂದ ಊರಿಗೆಲ್ಲ ಹಬ್ಬಿ, ಊರು ಬಂದು ತನ್ನ ಮೇಲೆ ಉಗಿದು, ಅಲ್ಲಿಗಾದರೂ ಇದೊಂದು ಮುಗಿಯಲಿ ಎಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ಆಸೆಪಟ್ಟಿದ್ದಳು.

"ಹೇಳಿ ಭಾವ," ಎಂದಳು. "ಎಲ್ಲರಿಗೂ ಹೇಳಿ. ಸಿಸ್ಟರಮ್ಮನಿಗೆ ಹೆಸರಾದರೂ ವಾಪಸು ಬರಲಿ."

"ಹೇಳಿದ್ರೆ ಅವನ ಗತಿ?"

ಭಾವ ಕನ್ನಡಕ ಹಾಕಿಕೊಂಡು ಗೋಡೆ ನೋಡಿದರು.

ಅಕ್ಕ ಬಂದಾಗ ಬಿಸಿಲು ಇಳಿದಿತ್ತು. ಕಣ್ಣು ಕೆಂಪಾಗಿತ್ತು, ಆದರೆ ಮುಖ ತೊಳೆದುಕೊಂಡು ಬಂದಿದ್ದಳು. ನೇರವಾಗಿ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬಿಸಿಗಿಟ್ಟಳು. ಟೇಪಮ್ಮ ಬಾಗಿಲ ಬಳಿ ಹೋಗಿ ನಿಂತಳು.

"ಏನಂದ್ರು?"

"ಏನೂ ಅನ್ನಲಿಲ್ಲ. ಕೂರಿಸಿ ಚಹಾ ಕೊಟ್ಟಳು. ಶಾಲೆಗೆ ಹುಡುಗೀರು ಸೇರ್ತಿದಾರಂತೆ, ಪಾಠ ಹೇಳೋಕೆ ಇವಳನ್ನ ಕರೆದಿದಾರಂತೆ. ಅದನ್ನೇ ಮಾತಾಡಿದಳು." ಅಕ್ಕ ಉರಿ ಸಣ್ಣ ಮಾಡಿದಳು. "ನಿನ್ನ ತಂಗಿಯನ್ನ ಬೈಬೇಡ ಅಂತ ನನ್ನ ಕೈ ಹಿಡಿದು ಹೇಳಿದಳು."

ಟೇಪಮ್ಮ ಕಾದಳು. ಬೈಯಲಿ ಎಂದು ಕಾದಳು. ಅಕ್ಕ ತಟ್ಟೆಗಳನ್ನು ಒರೆಸಿ ಮೇಜಿನ ಮೇಲಿಟ್ಟಳು, ಲೋಟಗಳಿಗೆ ನೀರು ತುಂಬಿದಳು, ಭಾವನ ಲೋಟ ಅವರ ಬಲಕ್ಕೆ, ತನ್ನದು ಎಡಕ್ಕೆ. ಆಮೇಲೆ ತಂಗಿಯ ಮುಖ ನೋಡದೆ, ಅಂಚೆ ಕಚೇರಿಯ ಕೌಂಟರಿನಲ್ಲಿ ಗುರುತಿಲ್ಲದವರೊಡನೆ ಆಡುವ ಅದೇ ಸಮಾಧಾನದ ದನಿಯಲ್ಲಿ ಹೇಳಿದಳು.

"ಬನ್ನಿ, ಕೂತ್ಕೊಳ್ಳಿ. ಬೆಳಿಗ್ಗೆಯಿಂದ ನೀವು ಏನೂ ತಿಂದಿಲ್ಲ."

ಟೇಪಮ್ಮ ಕೂತಳು. ಅಕ್ಕ ಬಡಿಸಿದಳು. ಸಾಕು ಎನ್ನಲು ಅವಳಿಗೆ ಬಾಯಿ ಬರಲಿಲ್ಲ, ಅಕ್ಕ ಬಡಿಸುತ್ತಲೇ ಇದ್ದಳು.